ಕೊಟ್ಟ ಮಾತು, ಬಾರದ ಫೋನು

ಎಳ್ಳಮಾವಾಸ್ಯೆಗೆಂದು ಜೇವರ್ಗಿಯಿಂದ ನನ್ನ ಸೋದರಳಿಯ ಬಂದಿದ್ದ. ಹೊಲದಲ್ಲಿ ಚರಗ ಚೆಲ್ಲಿ, ಎಲ್ಲರೊಡನೆ ಕುಳಿತು ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಉಣ್ಣುವಾಗಲೂ ಅವನ ಮುಖದಲ್ಲಿ ಗೆಲುವಿರಲಿಲ್ಲ. ಪದವಿ ಮುಗಿಸಿ ಒಂದು ಕೊರಿಯರ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿದೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಮೋಟಾರ್ ಸೈಕಲ್ ಮೇಲೆ ತಿರುಗಿ, ಪಾರ್ಸಲ್ ಕಳಿಸಬಯಸುವವರ ಹೆಸರು, ಫೋನ್ ನಂಬರು ಬರೆದು ಕಂಪನಿಗೆ ಮುಟ್ಟಿಸುವುದು ಅವನ ಕೆಲಸ. ಮುಂದಿನ ಮಾತುಕತೆ, ದರದ ನಿಗದಿ ಎಲ್ಲವೂ ದೂರದ ನಗರದ ಕಚೇರಿಗೆ ಸೇರಿದ್ದು.

"ಮಾಮಾ, ಮಂದಿ ಮುಂದ ಮುಖ ತೋರಿಸಲಾಕ ಆಗವಲ್ದು. ನಾ ಹೆಸರು ಬರಕೊಂಡು ಬರ್ತೀನಿ, ಆಫೀಸಿನವರು ಫೋನ್ ಮಾಡಂಗಿಲ್ಲ. ಕಡೀಕ ಸುಳ್ಳ ನಾ ಆಗ್ತೀನಿ" ಎಂದ.

ಅವನ ಸಂಕಟ ಎಲ್ಲಿಂದ ಹುಟ್ಟಿತೆಂಬುದನ್ನು ಕೇಳಿ ತಿಳಿದೆ. ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ತಾಯಂದಿರ ಸ್ವಸಹಾಯ ಗುಂಪೊಂದು ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತದೆ. ಇತ್ತೀಚಿನ ವರ್ಷಗಳಲ್ಲಿ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ನಮ್ಮ ಜಿಲ್ಲೆಯ ರೊಟ್ಟಿ ಹೊರ ಊರುಗಳಿಗೂ ಪರಿಚಿತವಾಗಿರುವುದು ಓದುಗರಿಗೆ ತಿಳಿದೇ ಇದೆ. ಈ ತಾಯಂದಿರಿಗೆ ಪುಣೆ, ಬೆಂಗಳೂರುಗಳಿಂದ ಬೇಡಿಕೆ ಬಂದಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಒಂದು ಡಬ್ಬಕ್ಕ ಎಷ್ಟು ಬೀಳ್ತದ, ತಮ್ಮಾ?"

ಪ್ರಶ್ನೆ ಸರಳ, ಉತ್ತರ ಸರಳವಲ್ಲ. ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ ತೂಕವನ್ನಷ್ಟೇ ನೋಡದೆ, ಪೆಟ್ಟಿಗೆ ಹಿಡಿಯುವ ಜಾಗವನ್ನೂ ಲೆಕ್ಕಿಸುತ್ತವೆ. ಉದ್ದ, ಅಗಲ, ಎತ್ತರಗಳ ಸೆಂಟಿಮೀಟರುಗಳನ್ನು ಗುಣಿಸಿ, ಬಹುಮಟ್ಟಿಗೆ 5,000ದಿಂದ ಭಾಗಿಸುತ್ತಾರೆ. ಬಂದ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಾದರೆ ಹಣ ಅದಕ್ಕೇ. 30 ಸೆಂಟಿಮೀಟರಿನ ಚೌಕ ಪೆಟ್ಟಿಗೆ ಈ ಲೆಕ್ಕದಲ್ಲಿ 5.4 ಕಿಲೋ ಆಗುತ್ತದೆ, ಒಳಗಿನ ರೊಟ್ಟಿ 3 ಕಿಲೋ ಇದ್ದರೂ. ಕಡಕ್ ರೊಟ್ಟಿಯಂಥ ಹಗುರ ಪದಾರ್ಥಕ್ಕೆ ಲಾಭನಷ್ಟ ನಿರ್ಧಾರವಾಗುವುದು ಇಲ್ಲಿಯೇ. ಆದರೆ ದರ ಹೇಳುವ ಅಧಿಕಾರ ಹುಡುಗನಿಗಿಲ್ಲ. "ಎರಡು ದಿವಸದಾಗ ಫೋನ್ ಬರ್ತದ್ರಿ, ಅಕ್ಕಾ" ಎಂದು ಹೇಳಿ ಬಂದ.

ಫೋನು ಬಂದದ್ದು ಹನ್ನೊಂದನೆಯ ದಿನ. ಅದೂ ತಾಯಂದಿರು ಒಲೆಯ ಮುಂದೆ ರೊಟ್ಟಿ ಬಡಿಯುವ ಹೊತ್ತಿನಲ್ಲಿ, ಹಿಂದಿಯಲ್ಲಿ. "ಆಮ್ಯಾಲ ಮಾಡ್ರಿ" ಎಂದರಂತೆ. ಕಂಪನಿಯ ದಾಖಲೆಯಲ್ಲಿ 'ಆಸಕ್ತಿ ಇಲ್ಲ' ಎಂದಾಯಿತು. ಅಷ್ಟರಲ್ಲಿ ರೊಟ್ಟಿಯ ಡಬ್ಬಗಳು ಬಸ್ಸಿನ ಪಾರ್ಸಲಿನಲ್ಲಿ ಹೋಗಿಯಾಗಿತ್ತು. ತಿಂಗಳ ಕೊನೆಗೆ, ತಂದ ಹೆಸರುಗಳಿಂದ ವ್ಯಾಪಾರವಾಗಲಿಲ್ಲವೆಂದು ಹುಡುಗನಿಗೇ ಮಾತು ಕೇಳುವ ಪಾಳಿ.

ಆಳಂದದ ಬೇಳೆ ವ್ಯಾಪಾರಿಯೊಬ್ಬರದೂ ಇದೇ ಕಥೆ. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಬೇಳೆಯ ಚೀಲ ಲಾರಿಯಲ್ಲಿ ಹೋಗುತ್ತದೆ ನಿಜ. ಆದರೆ ಖರೀದಿದಾರರಿಗೆ ಮಾದರಿ ಪೊಟ್ಟಣ, ಕಾಗದಪತ್ರ ಕಳಿಸಲು ಕೊರಿಯರ್ ಬೇಕು. ಅವರಿಗೆ ಫೋನು ಬಂದದ್ದು ಸುಗ್ಗಿಯ ದಿನ, ಮಾರುಕಟ್ಟೆಯಲ್ಲಿ ಸವಾಲು ನಡೆದಿದ್ದಾಗ!

ಕಂಪನಿಯ ಕಡೆಯ ಮಾತನ್ನೂ ನ್ಯಾಯವಾಗಿ ಹೇಳಬೇಕು. ಗುರಿ ತುಂಬಿಸಲು ಬೇಡದವರ ಹೆಸರನ್ನೂ ಬರೆದು ಕಳಿಸುವ ಹುಡುಗರಿದ್ದಾರೆ. ಒಂದೇ ಡಬ್ಬಕ್ಕಾಗಿ ಹಳ್ಳಿಗೆ ಗಾಡಿ ಕಳಿಸಿದರೆ ಡೀಸೆಲ್ಲಿನ ಹಣವೂ ಹುಟ್ಟದು. ಆದರೆ ಆಗದಿದ್ದರೆ ಆಗದೆಂದು ಹೇಳಬಹುದಲ್ಲವೆ? ಅಂಚೆ ಕಚೇರಿಯನ್ನೇ ನೋಡಿರಿ. 1986ರಲ್ಲಿ ಆರಂಭವಾದ ಸ್ಪೀಡ್ ಪೋಸ್ಟಿನಲ್ಲಿ 2025ರಲ್ಲಿ ರಿಜಿಸ್ಟರ್ಡ್ ಅಂಚೆಯನ್ನೂ ವಿಲೀನಗೊಳಿಸಲಾಗಿದೆ. ಅಲ್ಲಿ ಪೊಟ್ಟಣವನ್ನು ತಕ್ಕಡಿಯ ಮೇಲಿಟ್ಟರೆ ದರವನ್ನು ಎದುರಿಗೇ ಹೇಳುತ್ತಾರೆ. ಹೆಚ್ಚೋ ಕಡಿಮೆಯೋ, ಉತ್ತರ ಸಿಗುತ್ತದೆ.

ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಸಾಗಣೆಯ ಉದ್ಯಮ ಆರಂಭಿಸಿದರು. ಇಂದು ಆ ಸಂಸ್ಥೆಯ ವಾಹನಗಳು ಸಾವಿರಾರು. ಒಂದೇ ಲಾರಿ ಇರುವ ಯಾವ ಉದ್ಯಮದಲ್ಲಿಯೂ ಸರಕು ಕೇಳುವವರು, ಉತ್ತರ ಕೊಡುವವರು ಹತ್ತಿರವೇ ಇರುತ್ತಾರೆ. ಉದ್ಯಮ ಬೆಳೆದಂತೆ ಇವರಿಬ್ಬರ ನಡುವಿನ ಅಂತರವೂ ಬೆಳೆಯುತ್ತದೆ. ಆ ಅಂತರದಲ್ಲಿ ಗಿರಾಕಿಯ ಹೆಸರು ಕಳೆದುಹೋಗದಂತೆ ನೋಡಿಕೊಳ್ಳುವುದೇ ಯಜಮಾನನ ಹೊಣೆ.

ನಮ್ಮ ಬಂಧುಗಳಲ್ಲಿ ಅಂಗಡಿ, ಗಿರಣಿ, ಸಾಗಣೆ ನಡೆಸುವವರು ಅನೇಕರಿದ್ದಾರೆ. ಅವರಲ್ಲಿ ಒಂದು ವಿನಂತಿ. ಗಿರಾಕಿಯ ಹೆಸರು ತಂದವನಿಗೆ ಅದು ಏನಾಯಿತೆಂಬುದನ್ನು ತಿಳಿಸಿರಿ. ಫೋನು ಮಾಡುವವನಿಗೆ ಊರಿನ ಭಾಷೆ, ಪೇಟೆಯ ಹೊತ್ತು ಗೊತ್ತಿರಲಿ. ಸಾಮಾನ್ಯ ದರದ ಪಟ್ಟಿಯೊಂದು ತಿರುಗುವವನ ಕೈಯಲ್ಲಿರಲಿ. ತಿರುಗುವ ತರುಣರಿಗೂ ಒಂದು ಮಾತು: ಯಾರ ಹೆಸರು, ಎಂದು ಕೊಟ್ಟದ್ದು, ಫೋನು ಎಂದು ಹೋಯಿತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ಸಿಟ್ಟಿನ ಮಾತಿಗೆ ಸಿಗದ ಕಿವಿ ಬರೆದಿಟ್ಟ ಲೆಕ್ಕಕ್ಕೆ ಸಿಗುವುದುಂಟು. ಕೈಯಲ್ಲಿಲ್ಲದ ದಿನವನ್ನು ಮಾತ್ರ ಬಾಯಲ್ಲಿ ಕೊಡಬೇಡಿರಿ. ಮನೆಯ ಹಿರಿಯರು "ನೌಕರಿ ಅಂದ್ರ ಹಿಂಗ" ಎಂದು ಹುಡುಗರ ಬಾಯಿ ಮುಚ್ಚಿಸದಿರಲಿ. ಕಾಯಕದಲ್ಲಿ ಬೆವರಿಗಿಂತ ಮೊದಲು ಹೂಡುವ ಬಂಡವಾಳ ಮಾತು. ಅದು ಮುಳುಗುವಾಗ ನೋವಾಗುವುದು ಒಳ್ಳೆಯ ಹುಡುಗನಿಗೇ.

ಹಬ್ಬ ಮುಗಿಸಿ ಹೋದವನು ಶಾಖೆಯ ಅಧಿಕಾರಿಯಿಂದ ದರ ಬರೆಸಿಕೊಂಡು, ಅಫಜಲಪುರದ ಆ ಹಳ್ಳಿಗೆ ಮತ್ತೆ ಹೋದನಂತೆ. "ತಪ್ಪಾಯ್ತು, ಅಕ್ಕಾ" ಎಂದು ಚೀಟಿ ಕೊಟ್ಟ. ತಾಯಂದಿರು ಪಾರ್ಸಲ್ ಕೊಡಲಿಲ್ಲ. ಅದು ಈಗಲೂ ಬಸ್ಸಿನಲ್ಲಿಯೇ ಹೋಗುತ್ತಿದೆ. ಆದರೆ ಚೀಟಿಯನ್ನು ಗೋಡೆಗೆ ಅಂಟಿಸಿಕೊಂಡು, ಅವನನ್ನು ಕೂಡ್ರಿಸಿ, ಬಿಸಿ ರೊಟ್ಟಿ ಬಡಿಸಿ ಕಳಿಸಿದರಂತೆ.