ಇಂಗ್ಲಿಷ್ ಅಧ್ಯಾಪಕರ ಅತಂತ್ರ ಬದುಕು



ಸಿ.ಡಿ. ನರಸಿಂಹಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ 1952ರಲ್ಲಿ ‘ದಿ ಲಿಟರರಿ ಕ್ರಿಟೀರಿಯನ್’ ಪತ್ರಿಕೆ ಆರಂಭಿಸಿದರು. 1979ರಲ್ಲಿ ‘ಧ್ವನ್ಯಾಲೋಕ’ ಎಂಬ ಸಾಹಿತ್ಯ ಅಧ್ಯಯನ ಕೇಂದ್ರ ಕಟ್ಟಿದರು. ಅವರ ವಿದ್ವತ್ತು ದೊಡ್ಡದು, ನಿಜ. ಆದರೆ ಅಂಥ ದೀರ್ಘ ಕೆಲಸಕ್ಕೆ ಕಾಯಂ ಹುದ್ದೆಯ ನೆಮ್ಮದಿಯೂ ಬೇಕು.

ಇಂದು ನೆಟ್, ಸ್ಲೆಟ್, ಪಿಎಚ್.ಡಿ. ಎಲ್ಲ ಮುಗಿಸಿದವರೂ ಅತಿಥಿ ಉಪನ್ಯಾಸಕರಾಗಿಯೇ ತಲೆ ನರೆಸಿಕೊಳ್ಳುತ್ತಿದ್ದಾರೆ. ನಾನೂ ಅವರಲ್ಲೊಬ್ಬಳು. ಇಂಗ್ಲಿಷ್ ವಿಭಾಗದ ಹೊರೆ ಬೇರೆಯದೇ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಎನ್ನದೆ ಭಾಷಾ ತರಗತಿಗೆ ಎಲ್ಲರೂ ಬರುತ್ತಾರೆ. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಹುಡುಗಿ ಒಂದು ಅರ್ಜಿಯನ್ನು ತಾನೇ ಬರೆಯುವಂತಾಗಬೇಕಾದರೆ ಅವಳ ಬರಹವನ್ನು ಮತ್ತೆ ಮತ್ತೆ ತಿದ್ದಬೇಕು. ಈ ತಿದ್ದುವ ಹೊತ್ತು ಯಾವ ವೇಳಾಪಟ್ಟಿಯಲ್ಲೂ ಇಲ್ಲ. ಸೆಮಿಸ್ಟರ್ ಮುಗಿದರೆ ನಮ್ಮ ಸಂಬಳವೂ ನಿಲ್ಲುತ್ತದೆ. ಮುಂದಿನ ವರ್ಷ ಅದೇ ಹುಡುಗಿಗೆ ಪಾಠ ಹೇಳುತ್ತೇವೋ ಇಲ್ಲವೋ ತಿಳಿಯದು. ಸಂಶೋಧನೆಯ ಮಾತು ದೂರವೇ ಉಳಿಯಿತು.

ಯುಜಿಸಿಯ 2018ರ ನಿಯಮಾವಳಿ ಗುತ್ತಿಗೆ ನೇಮಕದ ಬಗ್ಗೆ ಸ್ಪಷ್ಟವಾಗಿದೆ. ಗುತ್ತಿಗೆ ಅಧ್ಯಾಪಕರ ಸಂಖ್ಯೆ ಒಟ್ಟು ಬೋಧಕ ಹುದ್ದೆಗಳ ಶೇ 10ನ್ನು ಮೀರಬಾರದು. ಅವರ ವೇತನ ಕಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ಮಾಸಿಕ ವೇತನಕ್ಕಿಂತ ಕಡಿಮೆ ಇರಬಾರದು. ‘ಅತಿಥಿ’ ಎಂಬ ಹೆಸರಿಟ್ಟು ಈ ನಿಯಮದಿಂದ ನುಣುಚಿಕೊಳ್ಳುವುದು ಅನ್ಯಾಯ.

ಪ್ರತಿ ವಿಶ್ವವಿದ್ಯಾಲಯವೂ ತನ್ನಲ್ಲಿ ಖಾಲಿ ಇರುವ ಬೋಧಕ ಹುದ್ದೆಗಳ ಪಟ್ಟಿಯನ್ನು ವಿಭಾಗವಾರು ಪ್ರಕಟಿಸಲಿ. ಉನ್ನತ ಶಿಕ್ಷಣ ಇಲಾಖೆ ಈ ವರ್ಷವೇ ನೇಮಕಾತಿಗೆ ಚಾಲನೆ ನೀಡಲಿ.

– ಅತಿಥಿ ಉಪನ್ಯಾಸಕಿ, ಶಿವಮೊಗ್ಗ