ಮಾಡದ ತಪ್ಪಿಗೂ ಅರ್ಧ ರಿಯಾಯಿತಿಯೇ?

2025ರ ಸೆಪ್ಟೆಂಬರ್ ಮೊದಲ ವಾರದಲ್ಲಿ ನಾವು 250 ರೂಪಾಯಿ ದಂಡ ಕಟ್ಟಿದೆವು. ತಪ್ಪು ನಮ್ಮದಾಗಿರಲಿಲ್ಲ. ಕಟ್ಟಿಸಿಕೊಂಡವರಿಗೂ ಅದು ಗೊತ್ತಿತ್ತು ಎಂಬುದು ನಮ್ಮ ಗುಮಾನಿ. ಆ 250 ರೂಪಾಯಿಯ ಲೆಕ್ಕ ನಮ್ಮ ಮಟ್ಟಿಗೆ ಇನ್ನೂ ಚುಕ್ತಾ ಆಗಿಲ್ಲ, ಅದಕ್ಕೇ ಈ ಬರಹ.

ಲಕ್ಷ್ಮೀಪುರಂನ ಬಾಡಿಗೆ ಕೋಣೆಯಲ್ಲಿ ನಾವು ನಾಲ್ವರು, ನಮಗೆ ಎರಡು ಬೈಕು. ಅದರಲ್ಲೊಂದು ಎಚ್.ಡಿ. ಕೋಟೆ ಕಡೆಯ ಗೆಳೆಯನದು. ಅವನ ಅಪ್ಪ ಡೇರಿಗೆ ಹಾಲು ಹಾಕಲು ಓಡಿಸುತ್ತಿದ್ದ ಹಳೇ ಬೈಕು, ಆರ್‌ಸಿ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ದಂಡಕ್ಕೆ ಶೇ 50 ರಿಯಾಯಿತಿ ಬಂದಿದೆಯಂತೆ ಎಂದು ಸುದ್ದಿಯಾದಾಗ, ನೋಡೋಣ ಎಂದು ಗಾಡಿ ನಂಬರ್ ಹಾಕಿದೆವು. ಒಂದು ಕೇಸ್ ಇತ್ತು. ಹೆಲ್ಮೆಟ್ ಇಲ್ಲದ ಸವಾರಿ, 500 ರೂಪಾಯಿ, ಮಾರ್ಚ್ 31, ಮೈಸೂರು ನಗರ.

ಮಾರ್ಚ್ 31 ಅಂದರೆ ಯುಗಾದಿಯ ಮರುದಿನ, ಹೊಸತೊಡಕು. ಆವತ್ತು ಆ ಬೈಕು ಊರಿನಲ್ಲಿ ಅವರ ಮನೆ ಮುಂದಿನ ಹುಣಸೆ ಮರದ ಕೆಳಗಿತ್ತು, ನಾವು ನಾಲ್ವರೂ ಆ ಮನೆಯ ಜಗುಲಿಯಲ್ಲಿ ಬಾಡೂಟಕ್ಕೆ ಕೂತಿದ್ದೆವು. ಸಾಕ್ಷಿಗೆ ಇಡೀ ಬೀದಿ ಇದೆ. ಚಲನ್ ಜೊತೆಗಿದ್ದ ಫೋಟೊ ತೆರೆದರೆ ಅದರಲ್ಲಿದ್ದದ್ದು ಬೈಕೇ ಅಲ್ಲ, ಸ್ಕೂಟರ್! ನಂಬರ್ ಪ್ಲೇಟಿನ ಮೇಲೆ ಕೆಸರು ಮೆತ್ತಿಕೊಂಡು 8 ಎಂಬುದು 3ರ ಹಾಗೆ ಕಾಣುತ್ತಿತ್ತು. ಯಾರೋ 3 ಎಂದೇ ಓದಿಕೊಂಡಿದ್ದರು.

ನಗರದ ಒಂದು ಠಾಣೆಗೆ ಹೋದೆವು. ಮೇಜಿನ ಹಿಂದಿದ್ದವರು ಫೋಟೊ ನೋಡಿದರು, ಆರ್‌ಸಿ ನೋಡಿದರು, ನಮ್ಮ ಮುಖ ನೋಡಿದರು. ಒರಟಾಗಿ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು. "ಅರ್ಜಿ ಬರೆದುಕೊಡಿ, ಮೇಲಕ್ಕೆ ಕಳಿಸ್ತೀವಿ. ಯಾವಾಗ ತೆಗೀತಾರೋ ಹೇಳಕ್ಕಾಗಲ್ಲ. ಈಗಾದ್ರೆ ಅರ್ಧ, ಹನ್ನೆರಡನೇ ತಾರೀಕು ಕಳೆದ್ರೆ ಪೂರ್ತಿ. ಇನ್ನೂರೈವತ್ತು ರೂಪಾಯಿಗೆ ಯಾಕ್ರೀ ತಲೆನೋವು?" ಎಂದರು. ಹಿಂದೆ ಮೂವತ್ತು ಜನರ ಸಾಲು. ಗೆಳೆಯ ಫೋನ್ ತೆಗೆದು ಸ್ಕ್ಯಾನ್ ಮಾಡಿಬಿಟ್ಟ.

ಅದಾದ ಮೇಲೆ ಕೋಣೆಯಲ್ಲಿ ದೊಡ್ಡ ಜಗಳವೇ ಆಯಿತು. ಕಟ್ಟಬಾರದಿತ್ತು ಎಂದವರು ಇಬ್ಬರು, ಕಟ್ಟಿದ್ದೇ ಸರಿ ಎಂದವರು ಇಬ್ಬರು. ಕೊನೆಗೆ ಒಂದು ಮಾತಿಗೆ ಎಲ್ಲರೂ ಒಪ್ಪಿದೆವು: ಈ ರಿಯಾಯಿತಿ ಎಂಬುದು ದಯೆಯಲ್ಲ. ತಪ್ಪು ಮಾಡಿದವನಿಗೂ ಮಾಡದವನಿಗೂ ಒಂದೇ ದರ ಕಟ್ಟಿ, ಇಬ್ಬರ ಬಾಯನ್ನೂ ಒಟ್ಟಿಗೆ ಮುಚ್ಚಿಸುವ ಉಪಾಯ.

ಇದು ಮೊದಲ ಸಲವೂ ಅಲ್ಲ. 2023ರ ಫೆಬ್ರವರಿಯಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಸಲಹೆಯ ಮೇಲೆ ಸರ್ಕಾರ ಮೊದಲ ಬಾರಿಗೆ ಬಾಕಿ ಇ-ಚಲನ್‌ಗಳಿಗೆ ಅರ್ಧ ರಿಯಾಯಿತಿ ಕೊಟ್ಟಿತು. 11ನೇ ತಾರೀಕಿನವರೆಗೆ ಮಾತ್ರ ಎಂದರು. ಬೆಂಗಳೂರು ಒಂದರಲ್ಲೇ ಆ ಒಂಬತ್ತು ದಿನಗಳಲ್ಲಿ 120 ಕೋಟಿ ರೂಪಾಯಿಗೂ ಹೆಚ್ಚು ಬಂತು. ಮಾರ್ಚ್‌ನಲ್ಲಿ ಮತ್ತೆ ಕೊಟ್ಟರು, ಜುಲೈನಲ್ಲಿ ಮತ್ತೆ ಕೊಟ್ಟರು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇನ್ನೊಂದು ಸಲ, ನವೆಂಬರ್ ಕೊನೆಯಲ್ಲಿ ಮಗದೊಂದು ಸಲ. ಆಷಾಢದ ಸೀರೆ ಸೇಲ್ ಆದರೂ ವರ್ಷಕ್ಕೆ ಒಂದೇ ಬಾರಿ ಬರುತ್ತದೆ.

ಇಷ್ಟಾದ ಮೇಲೆ ಜನ ಏನು ಕಲಿಯುತ್ತಾರೆ? ಚಲನ್ ಬಂದ ದಿನವೇ ಕಟ್ಟಿದವನು ಪೆದ್ದ, ಎರಡು ವರ್ಷ ಸುಮ್ಮನಿದ್ದವನು ಜಾಣ. ನಮ್ಮ ಊರುಗಳಲ್ಲಿ ಸಾಲ ಮನ್ನಾ ಆದಾಗ ಕಂತು ಕಟ್ಟಿ ಮುಗಿಸಿದ್ದ ರೈತ ಅನುಭವಿಸುವ ಪೆಚ್ಚು ಇದೇ. ಸಾಲ ಮನ್ನಾಕ್ಕೆ ಬರ, ಬೆಲೆ ಕುಸಿತ ಎಂಬ ಕಾರಣಗಳಾದರೂ ಇರುತ್ತವೆ. ಕೆಂಪು ದೀಪ ದಾಟಿದವನಿಗೆ ಯಾವ ಬರ ಬಂದಿತ್ತು? ಆ ರಿಯಾಯಿತಿಯ ದಿನಗಳಲ್ಲೇ ಮುಖ್ಯಮಂತ್ರಿಗಳ ಅಧಿಕೃತ ಕಾರಿನ ಮೇಲೂ ಏಳು ಪ್ರಕರಣಗಳಿದ್ದು, ಹೆಚ್ಚಿನವು ಸೀಟ್ ಬೆಲ್ಟಿನವು, ಅರ್ಧ ದರದಲ್ಲೇ ಕಟ್ಟಲಾಯಿತು ಎಂದು ಪತ್ರಿಕೆಗಳು ಬರೆದವು. ನಮ್ಮ ಮೈಸೂರಿನವರೇ ಆದ ಮುಖ್ಯಮಂತ್ರಿಗಳ ಮೇಲೆ ನಮಗೆ ವೈಯಕ್ತಿಕ ಸಿಟ್ಟೇನಿಲ್ಲ. ಅವರ ಕಾರೂ ಹಾಲಿನ ಕ್ಯಾನ್ ಹೊರುವ ಬೈಕೂ ಒಂದೇ ರಿಯಾಯಿತಿಯ ಸಾಲಿನಲ್ಲಿ ನಿಂತದ್ದನ್ನು ಸಮಾನತೆ ಎಂದು ಯಾರಾದರೂ ಕರೆದರೆ ಮಾತ್ರ ನಗು ಬರುತ್ತದೆ.

ದಂಡ ಹೆಚ್ಚಾಯಿತು ಎಂಬುದು ನಮ್ಮ ತಕರಾರಲ್ಲ. 2019ರ ಸೆಪ್ಟೆಂಬರ್ 1ರಂದು ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದಾಗ ನಮ್ಮಲ್ಲಿ 100 ರೂಪಾಯಿ ಇದ್ದ ಹೆಲ್ಮೆಟ್ ದಂಡ 1,000ಕ್ಕೆ ಏರಿತು. ಜನ ಬೊಬ್ಬೆ ಹಾಕಿದ್ದಕ್ಕೆ ಅದೇ ತಿಂಗಳು ರಾಜ್ಯ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ಇರಲಿ. ಉದ್ಯೋಗ ಖಾತ್ರಿಯಲ್ಲಿ 2025-26ರ ದಿನಗೂಲಿ 370 ರೂಪಾಯಿ. ಒಂದು ದಿನದ ಕೂಲಿಗಿಂತ ದೊಡ್ಡ ದಂಡ ಬಿದ್ದರೆ ಮುಂದಿನ ಸಲ ತಲೆಗೆ ಹೆಲ್ಮೆಟ್ ಬರುತ್ತದೆ ಎಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಹೆಲ್ಮೆಟ್ ಇಲ್ಲದೆ ಸತ್ತವರ ಮನೆಗೆ ವರದಿಗೆಂದು ಹೋಗಿ ಬಂದವರು ನಾವು. ಆದರೆ ದಿನಗೂಲಿಗಿಂತ ದೊಡ್ಡ ದಂಡ ಹಾಕುವ ಸರ್ಕಾರಕ್ಕೆ ಅದನ್ನು ಸರಿಯಾದ ಮನುಷ್ಯನಿಗೇ ಹಾಕುವ ಜವಾಬ್ದಾರಿಯೂ ಅಷ್ಟೇ ದೊಡ್ಡದಾಗಿ ಇರಬೇಕಲ್ಲವೇ?

ಕಾನೂನಿನಲ್ಲಿ ಆ ಜವಾಬ್ದಾರಿ ಇದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ನಿಯಮ ಸೇರಿತು. ಎಲೆಕ್ಟ್ರಾನಿಕ್ ಸಾಧನದಿಂದ ಹಿಡಿದ ತಪ್ಪಿಗೆ 15 ದಿನಗಳೊಳಗೆ ನೋಟಿಸ್ ಕಳಿಸಬೇಕು ಎನ್ನುತ್ತದೆ ಅದು. ತಪ್ಪು ಮತ್ತು ನಂಬರ್ ಪ್ಲೇಟ್ ಎರಡೂ ಕಾಣುವ ಫೋಟೊ, ಸ್ಥಳ, ದಿನಾಂಕ, ಸಮಯ, ಯಾವ ಕಲಂ ಎಂಬುದೆಲ್ಲ ಅದರಲ್ಲಿರಬೇಕು. ನಮ್ಮ ಗೆಳೆಯನಿಗೆ ಮಾರ್ಚ್‌ನ ಕೇಸ್ ಗೊತ್ತಾದದ್ದು ಸೆಪ್ಟೆಂಬರ್‌ನಲ್ಲಿ, ಅದೂ ತಾನಾಗಿ ಹುಡುಕಿದಾಗ. ಗಾಡಿ ಕೊಂಡ ದಿನ ಆರ್‌ಸಿಯಲ್ಲಿ ಯಾರೋ ಬರೆಸಿದ ಮೊಬೈಲ್ ನಂಬರ್ ಅಪ್ಪನದಾಗಿರಲಿಲ್ಲ. ಹಳ್ಳಿಯ ಗಾಡಿಗಳಲ್ಲಿ ಇದು ಸರ್ವೇಸಾಮಾನ್ಯ. ಸೆಕೆಂಡ್ ಹ್ಯಾಂಡ್ ಗಾಡಿಯ ಕಥೆ ಇನ್ನೂ ಕೆಟ್ಟದ್ದು. ಮಾರಿದವನು 14 ದಿನದಲ್ಲಿ, ಕೊಂಡವನು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕೆಂದು ಕಾಯ್ದೆಯ 50ನೇ ಕಲಂ ಹೇಳುತ್ತದೆ. ನಡುವಿನ ಬ್ರೋಕರ್ ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು ಹೋಗುತ್ತಾನೆ, ಆಮೇಲೆ ಗಾಡಿ ನಂಜನಗೂಡಿನಲ್ಲಿ ಓಡುತ್ತಿದ್ದರೆ ಚಲನ್ ಸರಗೂರಿನ ಮನೆಗೆ ಬರುತ್ತದೆ. ಗಾಡಿ ಮಾರಿದ ಓದುಗರು ಇವತ್ತೇ ಒಮ್ಮೆ ನೋಡಿಕೊಳ್ಳಿ.

ಫೋನಿಗೆ ಬಂದ ಸಂದೇಶವನ್ನು ನಂಬುವುದಾದರೂ ಹೇಗೆ? ಆರ್‌ಟಿಒ ಚಲನ್ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಎಪಿಕೆ ಫೈಲ್ ಕಳಿಸಿ ಬ್ಯಾಂಕ್ ಖಾತೆ ಗುಡಿಸುವ ಕಳ್ಳರು ಹಳ್ಳಿಗಳಿಗೂ ಬಂದಿದ್ದಾರೆ. ಆ ಫೈಲ್ ಮುಟ್ಟಬೇಡಿ ಎಂದು ಪೊಲೀಸರೇ ಹೇಳುತ್ತಾರೆ. ಬಂದ ಸಂದೇಶ ಮುಟ್ಟಿದರೆ ದುಡ್ಡು ಹೋಗುತ್ತದೆ, ಮುಟ್ಟದಿದ್ದರೆ ದಂಡ ಬಾಕಿ ಉಳಿಯುತ್ತದೆ.

ಈಗ ದಾರಿಗಳ ಮಾತು. ರಸ್ತೆಯಲ್ಲಿ ತಡೆದವರು ಹೇಳುವುದು ಒಂದೇ ದಾರಿ, ಕಟ್ಟಿ ಹೋಗಿ. ಅದಕ್ಕೆ ಕಾಯ್ದೆಯ 200ನೇ ಕಲಂನಲ್ಲಿ ರಾಜಿ ಎಂಬ ಅರ್ಥವಿದೆ. ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯ ಮುಂದೆ ನೀವು ದುಡ್ಡು ಕಟ್ಟಿ, ಕೇಸ್ ಅಲ್ಲಿಗೇ ಮುಗಿಸಿಕೊಳ್ಳುವುದು. ರಾಜಿ ಅಂದ ಮೇಲೆ ಒಪ್ಪುವ, ಒಪ್ಪದಿರುವ ಹಕ್ಕು ಎರಡೂ ಸವಾರನದೇ. ಒಪ್ಪದಿದ್ದರೆ ಕೇಸ್ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬೇಕು, ತಪ್ಪನ್ನು ಸಾಬೀತು ಮಾಡುವ ಹೊರೆ ಪೊಲೀಸರದ್ದು. ಕುಡಿದು ಓಡಿಸಿದ ಕೇಸಿಗೆ ಈ ರಾಜಿ ಇಲ್ಲವೇ ಇಲ್ಲ, ಅದು ಕೋರ್ಟಿಗೇ ಹೋಗಬೇಕು, ಹೋಗಲಿ. ಲೋಕ ಅದಾಲತ್ ಇನ್ನೊಂದು ದಾರಿ. ಕೋರ್ಟ್ ಶುಲ್ಕ ಇಲ್ಲ, ತೀರ್ಮಾನದ ಮೇಲೆ ಮೇಲ್ಮನವಿಯೂ ಇಲ್ಲ. ಆದರೆ ಅದೂ ರಾಜಿಯ ಜಾಗವೇ. ಹೊಸತೊಡಕಿನ ದಿನ ಹುಣಸೆ ಮರದ ಕೆಳಗೆ ನಿಂತಿದ್ದ ಬೈಕು ಯಾರ ಜೊತೆ ರಾಜಿಯಾಗಬೇಕು? ಇನ್ನು ಸುಮ್ಮನೆ ಕೂರುವುದು ದಾರಿಯಲ್ಲ. ಚಲನ್ ಬಾಕಿ ಇದ್ದರೆ ಗಾಡಿಯ ವರ್ಗಾವಣೆಯಂಥ ಕೆಲಸಗಳನ್ನು ತಡೆಹಿಡಿಯಲು ನಿಯಮದಲ್ಲಿ ಅವಕಾಶವಿದೆ.

ಕೃಷ್ಣರಾಜ ಬುಲೆವಾರ್ಡ್‌ನ ಕೋರ್ಟು ನಮ್ಮ ಕೋಣೆಯಿಂದ ನಡೆದು ಹೋಗುವ ದೂರ. ಹಾಗಿದ್ದೂ ನಾವು ಹೋಗಲಿಲ್ಲ. ಪತ್ರಿಕೋದ್ಯಮ ಓದಿದ, ಕಲಂ ಗೊತ್ತಿರುವ ನಾವೇ ಹೋಗಲಿಲ್ಲ! ಹಾಗಿರುವಾಗ ಸರಗೂರಿನ ಗಾರೆ ಕೆಲಸದವನು ಒಂದೊಂದು ವಾಯಿದೆಗೂ ಒಂದೊಂದು ದಿನದ ಕೂಲಿ ಬಿಟ್ಟು ಬರುತ್ತಾನೆಯೇ? 250ಕ್ಕೆ ತಲೆನೋವು ಯಾಕೆ ಎಂಬ ಮಾತು ನಿಂತಿರುವುದೇ ಈ ಲೆಕ್ಕದ ಮೇಲೆ. ಆಕ್ಷೇಪಣೆಯನ್ನು ದುಬಾರಿ ಮಾಡಿ, ಒಪ್ಪಿಗೆಯನ್ನು ಅಗ್ಗ ಮಾಡಿದರೆ ಎಲ್ಲರೂ ಒಪ್ಪುತ್ತಾರೆ. ಆಮೇಲೆ ಇಷ್ಟು ಕೋಟಿ ಸಂಗ್ರಹವಾಯಿತು ಎಂಬ ಪ್ರಕಟಣೆ ಬರುತ್ತದೆ. ಅದರಲ್ಲಿ ಎಷ್ಟು ತಪ್ಪು ಚಲನ್ ರದ್ದಾಯಿತು ಎಂಬ ಸಾಲನ್ನು ನಾವು ಇದುವರೆಗೆ ಓದಿಲ್ಲ.

"ಹೆಲ್ಮೆಟ್ ಹಾಕ್ಕೊಂಡು, ದಾಖಲೆ ಇಟ್ಕೊಂಡು ಓಡಿಸಿದ್ರೆ ಯಾರಿಗೆ ಭಯ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಅವರು ಮಂಡ್ಯವನ್ನು ನೆನಪಿಸಿಕೊಳ್ಳಲಿ. 2025ರ ಮೇ 26ರಂದು ನಾಯಿ ಕಚ್ಚಿದ್ದ ಮಗುವನ್ನು ಮದ್ದೂರು ಕಡೆಯಿಂದ ಬೈಕಿನಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆತರುತ್ತಿದ್ದ ತಂದೆತಾಯಿಯನ್ನು ಹೆಲ್ಮೆಟ್ ತಪಾಸಣೆಗೆ ತಡೆದರು. ಬೈಕು ಬಿತ್ತು. ಮೂರೂವರೆ ವರ್ಷದ ಮಗು ಸತ್ತುಹೋಯಿತು. ಮೂವರು ಎಎಸ್‌ಐಗಳು ಅಮಾನತಾದರು. ಕೆಲವೇ ದಿನಗಳಲ್ಲಿ ಡಿಜಿ-ಐಜಿಪಿ ಎಂ.ಎ. ಸಲೀಂ ಅವರು ಸುತ್ತೋಲೆ ಹೊರಡಿಸಿದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಗಾಡಿ ತಡೆಯಬೇಡಿ, ಏಕಾಏಕಿ ಅಡ್ಡ ಬರಬೇಡಿ, ಕೀ ಕಿತ್ತುಕೊಳ್ಳಬೇಡಿ ಎಂಬುದು ಅದರ ಸಾರ. ಇದನ್ನು ಹೇಳಲು ಒಂದು ಮಗು ಸಾಯಬೇಕಾಯಿತು.

ಜನರದ್ದೂ ತಪ್ಪಿದೆ. 2021ರ ಮಾರ್ಚ್‌ನಲ್ಲಿ ನಮ್ಮದೇ ಹಿನಕಲ್ ಬಳಿ ರಿಂಗ್ ರಸ್ತೆಯಲ್ಲಿ, ತಪಾಸಣೆಯ ಹೊತ್ತಿನಲ್ಲಿ ಬೈಕಿನಲ್ಲಿದ್ದವನೊಬ್ಬ ಲಾರಿಗೆ ಸಿಕ್ಕಿ ಸತ್ತಾಗ ಗುಂಪು ಪೊಲೀಸರನ್ನು ಹಿಡಿದು ಬಡಿಯಿತು. ಅದನ್ನು ನಾವು ಯಾವ ಕಾರಣಕ್ಕೂ ಸಮರ್ಥಿಸುವುದಿಲ್ಲ. ಬಿಸಿಲಲ್ಲಿ ಹೊಗೆ ಕುಡಿಯುತ್ತ ನಿಲ್ಲುವ ಪೇದೆಯೂ ನಮ್ಮಂಥದ್ದೇ ಹಳ್ಳಿಯಿಂದ ಬಂದವನು. ಆದರೆ ಅಷ್ಟು ಸಿಟ್ಟು ಒಂದೇ ದಿನದಲ್ಲಿ ಹುಟ್ಟುವುದಿಲ್ಲ ಎಂಬುದನ್ನೂ ನೋಡಬೇಕು.

ಕಾನೂನು ಇರುವುದು ಸವಾರನಿಗೊಬ್ಬನಿಗೇ ಅಲ್ಲ. ಅದೇ ಕಾಯ್ದೆಯ 210ಬಿ ಕಲಂ ಪ್ರಕಾರ ಕಾಯ್ದೆ ಜಾರಿ ಮಾಡುವವರೇ ತಪ್ಪು ಮಾಡಿದರೆ ದಂಡ ಎರಡು ಪಟ್ಟು. 198ಎ ಪ್ರಕಾರ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಗುತ್ತಿಗೆದಾರ, ಹೊಣೆಗಾರ ಪ್ರಾಧಿಕಾರಕ್ಕೆ ಲಕ್ಷ ರೂಪಾಯಿವರೆಗೆ ದಂಡ. ಈ ಎರಡು ಕಲಂಗಳ ಚಲನ್ ನೋಡಿದವರು ಯಾರಾದರೂ ಇದ್ದರೆ ನಮಗೆ ತೋರಿಸಿ, ನಂಜುಮಳಿಗೆ ಸರ್ಕಲ್ಲಿನಲ್ಲಿ ಕಾಫಿ ನಮ್ಮ ಲೆಕ್ಕ.

ನಾವು ಕೇಳುತ್ತಿರುವುದು ರಿಯಾಯಿತಿಯನ್ನಲ್ಲ. 15 ದಿನದಲ್ಲಿ ನೋಟಿಸ್ ತಲುಪಲಿ, ಕನ್ನಡದಲ್ಲಿ ತಲುಪಲಿ. "ಇದು ನನ್ನ ಗಾಡಿ ಅಲ್ಲ" ಎಂದು ಹೇಳಲು ಗ್ರಾಮ ಒನ್ ಕೇಂದ್ರದಲ್ಲೇ ವ್ಯವಸ್ಥೆ ಇರಲಿ. ಫೋಟೊ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುವ ವಿಷಯಕ್ಕೆ ಯಾರೂ ಮೈಸೂರಿಗೆ ಬರಬೇಕಿಲ್ಲ. ಆಕ್ಷೇಪಣೆ ಇತ್ಯರ್ಥವಾಗುವವರೆಗೆ ಗಡುವಿನ ಬೆದರಿಕೆ ಬೇಡ. ತಪ್ಪು ಸಾಬೀತಾದರೆ 500ಕ್ಕೆ 500ನ್ನೂ ವಸೂಲಿ ಮಾಡಿ, ಚೌಕಾಸಿ ಮಾಡುವುದಿಲ್ಲ.

ಗೆಳೆಯ ಕಟ್ಟಿದ ದುಡ್ಡು ವಾಪಸು ಬರುತ್ತದೆಂಬ ಆಸೆ ನಮಗಿಲ್ಲ. ಆದರೂ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಬರೆದಿದ್ದೇವೆ. ರಿಯಾಯಿತಿಯ ಆ ದಿನಗಳಲ್ಲಿ ಮೈಸೂರು ನಗರದಲ್ಲಿ ಚಲನ್ ತಪ್ಪಾಗಿದೆ ಎಂದು ಎಷ್ಟು ಅರ್ಜಿ ಬಂದವು, ಎಷ್ಟು ರದ್ದಾದವು? ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರುವಂತಿಲ್ಲ, ನಮ್ಮದು 60ರಲ್ಲೇ ಮುಗಿಯಿತು. ಉತ್ತರಕ್ಕೆ 30 ದಿನ. ಬಂದದ್ದನ್ನು ಇಲ್ಲೇ ಹಾಕುತ್ತೇವೆ, ಬರದಿದ್ದರೆ ಅದನ್ನೂ ಹಾಕುತ್ತೇವೆ.