ಹೋಗಿ ಬರುತ್ತೇನೆ

ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂದರು ಹಿರಿಯರು. ಯಾರೊಡನೆ ಸುತ್ತಬೇಕೆಂಬುದನ್ನು ಮಾತ್ರ ಅವರು ಹೇಳಲಿಲ್ಲ. ಕನ್ನಡಿಗರ ಮನೆಗಳಲ್ಲಿ ಪ್ರವಾಸವೆಂದರೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಡುವ ಸಂಭ್ರಮ. ಹೀಗಿರುವಾಗ ಅಮೆರಿಕದಲ್ಲಿ ನೆಲೆಸಿದ ಮಗನು ದೂರವಾಣಿಯಲ್ಲಿ, "ಅಮ್ಮಾ, ಈ ರಜೆಯಲ್ಲಿ ಕ್ಯಾಂಪರ್ ವ್ಯಾನೊಂದನ್ನು ಬಾಡಿಗೆಗೆ ತೆಗೆದುಕೊಂಡು ಒಬ್ಬನೇ ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಹೊರಟಿದ್ದೇನೆ" ಎಂದರೆ, ಮಾಟುಂಗದ ಮನೆಯಲ್ಲಿ ಕುಳಿತ ತಾಯಿಯ ಎದೆ ಝಲ್ಲೆನ್ನುವುದು ಸಹಜ. "ಜೊತೆಗೆ ಯಾರೂ ಇಲ್ಲವೇನೋ? ಹಾಗಾದರೆ ಬೇಡವೇ ಬೇಡ" ಎಂಬುದೇ ಆಕೆಯ ಮೊದಲ ಮಾತು.

ಈ ನಿಷೇಧ ಸರಿಯೇ? ಒಬ್ಬನೇ ಹೋಗುವುದು ತಪ್ಪಲ್ಲ. ಲೆಕ್ಕವಿಲ್ಲದೆ, ಯಾರಿಗೂ ತಿಳಿಸದೆ ಹೋಗುವುದು ತಪ್ಪು. ಇವೆರಡರ ಅಂತರವನ್ನು ಹಿರಿಯರೂ ಕಿರಿಯರೂ ಅರಿಯುವುದು ಅವಶ್ಯಕ.

ಅರಿಜೋನ ರಾಜ್ಯದಲ್ಲಿ ಕೊಲೊರಾಡೊ ನದಿಯು ಲಕ್ಷಾಂತರ ವರ್ಷಗಳಿಂದ ಕೊರೆದಿರುವ ಈ ಕಂದರದ ಉದ್ದ 446 ಕಿಲೋಮೀಟರು. ಆಳ ಒಂದೂವರೆ ಕಿಲೋಮೀಟರಿಗೂ ಅಧಿಕ. 1919ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿದ ಇದನ್ನು 1979ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಸೂರ್ಯೋದಯದಲ್ಲಿ ಅದರ ಅಂಚಿನಲ್ಲಿ ಮೌನವಾಗಿ ನಿಂತವನಿಗೆ ದೊರೆಯುವ ಮನಶ್ಶಾಂತಿ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಆಯುಷ್ಯ ಸವೆಸುವವರಿಗೆ ಕನಸಿನ ವಸ್ತು. ಗುಂಪಿನ ಗದ್ದಲದಲ್ಲಿ ಅದು ಲಭಿಸುವುದಿಲ್ಲ. ಆದುದರಿಂದ ಏಕಾಂತವನ್ನು ಬಯಸುವವನನ್ನು ಹುಚ್ಚನೆಂದು ಹಳಿಯಬೇಕಾಗಿಲ್ಲ.

ಆದರೆ ಏಕಾಂತಕ್ಕೂ ಖರ್ಚಿದೆ. ಕ್ಯಾಂಪರ್ ವ್ಯಾನೆಂಬುದು ಹಾಸಿಗೆ, ಒಲೆ, ನೀರಿನ ತೊಟ್ಟಿಗಳುಳ್ಳ ಪುಟ್ಟ ಮನೆಯೇ ಸರಿ. ಆದರೆ ಚಳಿಯೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಅನಿಲದ ಒಲೆಯನ್ನು ಉರಿಸುತ್ತ ಮಲಗಿದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವು ನಿದ್ರೆಯಲ್ಲೇ ಪ್ರಾಣ ತೆಗೆಯಬಲ್ಲದು. ಎಚ್ಚರಿಸಲು ಪಕ್ಕದಲ್ಲಿ ಇನ್ನೊಬ್ಬರಿರುವುದಿಲ್ಲ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತು ವಾಹನ ನಡೆಸುವುದು ಕಾಲಿನ ರಕ್ತಸಂಚಾರಕ್ಕೆ ಹಿತವಲ್ಲ. ಆಗಾಗ್ಗೆ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು.

ಇನ್ನೂ ದೊಡ್ಡ ಅಪಾಯವಿರುವುದು ಕಂದರದೊಳಗೆ ಇಳಿಯುವ ದಾರಿಯಲ್ಲಿ. ಪರ್ವತಾರೋಹಣದಲ್ಲಿ ಕಷ್ಟ ಮೊದಲು, ಸುಖ ಅನಂತರ. ದಣಿದವನು ಅರ್ಧದಿಂದಲೇ ಸುಲಭವಾಗಿ ಹಿಂದಿರುಗಬಹುದು. ಕಂದರದಲ್ಲಿ ಇದು ತಿರುವುಮುರುವು. ಇಳಿಯುವಾಗ ದೇಹ ಹಗುರ, ಉತ್ಸಾಹ ಅಪಾರ. ದಕ್ಷಿಣದ ಅಂಚು ಸುಮಾರು 2,100 ಮೀಟರು ಎತ್ತರದಲ್ಲಿದ್ದು ಉದಕಮಂಡಲದಂತೆ ತಂಪಾಗಿರುತ್ತದೆ. ಇಳಿದಂತೆಲ್ಲ ಸೆಕೆ ಏರುತ್ತದೆ. ಬೇಸಿಗೆಯಲ್ಲಿ ತಳದ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಏರಲು ಇಳಿದುದರ ಎರಡರಷ್ಟು ಸಮಯ ಬೇಕು. ಇಳಿಯುವುದು ಸಾಲವಾದರೆ ಏರುವುದು ಬಡ್ಡಿಸಹಿತ ಮರುಪಾವತಿ. ಒಂದೇ ದಿನದಲ್ಲಿ ನದಿಯವರೆಗೆ ಹೋಗಿ ಮರಳಲು ಯತ್ನಿಸಬಾರದೆಂದು ಉದ್ಯಾನದ ಅಧಿಕಾರಿಗಳು ಎಚ್ಚರಿಸುವುದು ಈ ಕಾರಣಕ್ಕಾಗಿಯೇ.

2004ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಓಡಿದ್ದ 24 ವರ್ಷದ ತರುಣಿಯೊಬ್ಬಳು ಅದೇ ಜುಲೈನಲ್ಲಿ ಈ ಕಂದರದ ಬೇಗೆಯಲ್ಲಿ ನೀರಿಲ್ಲದೆ ಬಳಲಿ ಅಸು ನೀಗಿದಳು. ದೇಹಬಲವೊಂದನ್ನೇ ನೆಚ್ಚುವವರಿಗೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ. ಬರಿಯ ನೀರನ್ನೇ ವಿಪರೀತ ಕುಡಿಯುವುದೂ ಕ್ಷೇಮಕರವಲ್ಲ. ಬೆವರಿನೊಡನೆ ಹೋದ ಉಪ್ಪು ಮರಳಿ ದೊರೆಯದಿದ್ದರೆ ರಕ್ತದಲ್ಲಿ ಸೋಡಿಯಂ ಇಳಿದು ಬುದ್ಧಿಗೆ ಮಂಕು ಕವಿಯುತ್ತದೆ. ಹೊಲದಿಂದ ಬಂದ ರೈತನಿಗೆ ಉಪ್ಪು ಬೆರೆಸಿದ ಮಜ್ಜಿಗೆ ಕೊಡುವ ಪದ್ಧತಿಯಲ್ಲಿ ಇದೇ ವಿವೇಕವಿದೆ. ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುವವರು ಹೊರಡುವ ಮುನ್ನ ವೈದ್ಯರ ಸಲಹೆ ಪಡೆಯಬೇಕು; ಕೆಲವು ಮಾತ್ರೆಗಳು ಮೂತ್ರದ ಮೂಲಕ ನೀರನ್ನೂ ಉಪ್ಪನ್ನೂ ಹೊರಹಾಕುತ್ತವೆ.

ಎಲ್ಲಕ್ಕಿಂತ ಮುಖ್ಯವಾದ ಮುನ್ನೆಚ್ಚರಿಕೆಗೆ ಒಂದು ಪೈಸೆಯೂ ವೆಚ್ಚವಿಲ್ಲ. 2003ರ ಏಪ್ರಿಲ್‌ನಲ್ಲಿ ಆರನ್ ರಾಲ್‌ಸ್ಟನ್ ಎಂಬ 27 ವರ್ಷದ ಸಾಹಸಿ ಯೂಟಾ ರಾಜ್ಯದ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಸಮೀಪದ ಬ್ಲೂ ಜಾನ್ ಕಂದರಕ್ಕೆ ಒಬ್ಬನೇ ಹೋದ. ಉರುಳಿದ ಬಂಡೆಯ ಅಡಿಯಲ್ಲಿ ಅವನ ಬಲಗೈ ಸಿಕ್ಕಿಕೊಂಡಿತು. ತಾನು ಎಲ್ಲಿಗೆ ಹೋಗುವೆನೆಂಬುದನ್ನು ಅವನು ಯಾರಿಗೂ ತಿಳಿಸಿರಲಿಲ್ಲ. ಐದು ದಿನ ಕಳೆದ ಮೇಲೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಬದುಕಿ ಬಂದ. 2010ರಲ್ಲಿ ಈ ಘಟನೆ ಚಲನಚಿತ್ರವಾಯಿತು, ಅದಕ್ಕೆ ಎ. ಆರ್. ರೆಹಮಾನ್ ಸಂಗೀತವಿತ್ತರು. ಜಗತ್ತು ಅವನ ಧೈರ್ಯವನ್ನು ಕೊಂಡಾಡಿತು, ಅದು ಯೋಗ್ಯವೇ. ಆದರೆ ಎರಡು ಸಾಲಿನ ಚೀಟಿಯೊಂದನ್ನು ಬಿಟ್ಟುಹೋಗಿದ್ದರೆ ಹುಡುಕುವವರಿಗೆ ದಿಕ್ಕಾದರೂ ತಿಳಿದಿರುತ್ತಿತ್ತು.

ಬ್ಯಾಂಕಿನ ತಿಜೋರಿಗೆ ಎರಡು ಕೀಲಿಕೈಗಳಿರುತ್ತವೆ. ಎರಡೂ ಒಬ್ಬನ ಬಳಿ ಇರುವುದಿಲ್ಲ. ಇದು ಅಪನಂಬಿಕೆಯಲ್ಲ, ವ್ಯವಸ್ಥೆ. ಏಕಾಂಗಿ ಪ್ರವಾಸಿಯೂ ತನ್ನ ಪ್ರಾಣದ ಎರಡನೆಯ ಕೀಲಿಕೈಯನ್ನು ಇನ್ನೊಬ್ಬರಲ್ಲಿ ಇಡಬೇಕು: ವಾಹನದ ಸಂಖ್ಯೆ, ತಂಗುವ ಸ್ಥಳ, ನಡೆಯುವ ದಾರಿ, ಮರಳುವ ವೇಳೆ, ವೇಳೆ ಮೀರಿದರೆ ಯಾರಿಗೆ ದೂರವಾಣಿ ಮಾಡಬೇಕೆಂಬ ವಿವರ. ಮೊಬೈಲ್ ಇದೆಯಲ್ಲ ಎಂಬ ಧೈರ್ಯ ಸಲ್ಲದು. ಕಂದರದೊಳಗೆ ಬಹುತೇಕ ಕಡೆ ಅದು ಮೂಕ.

ಇಲ್ಲಿ ಹೆತ್ತವರ ಹೊಣೆಯೂ ಇದೆ. ಗದರಿಸಿದರೆ ಮಕ್ಕಳು ಪ್ರವಾಸವನ್ನು ನಿಲ್ಲಿಸುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತಾರೆ. "ಹೋಗಬೇಡ" ಎಂಬ ಮಾತು ಹೀಗೆ ಆ ಎರಡನೆಯ ಕೀಲಿಕೈಯನ್ನೇ ಕಳೆದುಬಿಡುತ್ತದೆ. ಅದರ ಬದಲು "ಯಾವ ದಾರಿ? ಎಷ್ಟು ಹೊತ್ತಿಗೆ ಫೋನು ಮಾಡುತ್ತೀ?" ಎಂದು ಕೇಳಿ ಬರೆದಿಟ್ಟುಕೊಳ್ಳುವ ತಾಯಿಯೇ ಮಗನನ್ನು ನಿಜವಾಗಿ ಕಾಯುವವಳು. ಕನ್ನಡದಲ್ಲಿ ಮನೆಯಿಂದ ಹೊರಡುವವನು ಬರಿದೆ "ಹೋಗುತ್ತೇನೆ" ಎನ್ನುವುದಿಲ್ಲ, "ಹೋಗಿ ಬರುತ್ತೇನೆ" ಎನ್ನುತ್ತಾನೆ. ಮರಳುವ ಲೆಕ್ಕ ಆ ಮಾತಿನಲ್ಲೇ ಇದೆ.

ಈ ಹಿರಿಯರಲ್ಲಿ ಎಷ್ಟೋ ಮಂದಿ ಹದಿಹರೆಯದಲ್ಲಿ ಒಂದು ಟ್ರಂಕು ಹಿಡಿದು ಗುರುತಿಲ್ಲದ ಮಹಾನಗರಕ್ಕೆ ಒಬ್ಬರೇ ಬಂದಿಳಿದವರು. ಬಂದೊಡನೆ ಅವರು ಮಾಡಿದ ಮೊದಲ ಕೆಲಸ, ವಿಳಾಸ ಬರೆದು "ಕ್ಷೇಮವಾಗಿ ತಲುಪಿದೆ" ಎಂದು ಊರಿಗೆ ಒಂದು ಕಾರ್ಡು ಹಾಕಿದ್ದು. ಮಕ್ಕಳಿಗೆ ಅವರು ಕಲಿಸಬೇಕಾದುದು ಭಯವನ್ನಲ್ಲ, ಆ ಕಾರ್ಡು ಬರೆಯುವ ಅಭ್ಯಾಸವನ್ನು.